ಟೆಕ್ಸಾಸ್‌ಗೆ ಹೊಸದಾಗಿ ಬಂದಿದ್ದೀರಾ? ಮನೆಗೆ ಗನ್ ತರುವ ಮೊದಲು ಇದನ್ನು ಓದಿ

ನಮ್ಮ ಡಲ್ಲಾಸ್ ಕಡೆಗೆ ಹೊಸದಾಗಿ ಬಂದವರು ಮೊದಲು ಸೋನಾಮಸೂರಿ ಎಲ್ಲಿ ಸಿಗುತ್ತೆ, ಯಾವ ಸ್ಕೂಲು ಚೆನ್ನಾಗಿದೆ ಎಂದು ಕೇಳುತ್ತಾರೆ. ಒಂದೆರಡು ತಿಂಗಳು ಕಳೆದು, ಪಕ್ಕದ ಬೀದಿಯ ಮನೆಗೆ ಕಳ್ಳರು ನುಗ್ಗಿದರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬಂದ ದಿನ ಇನ್ನೊಂದು ಪ್ರಶ್ನೆ ಬರುತ್ತದೆ, ಸ್ವಲ್ಪ ದನಿ ತಗ್ಗಿಸಿ: "ಅಣ್ಣ, ನಾವೂ ಒಂದು ಗನ್ ತಗೊಂಡು ಇಟ್ಕೊಳ್ಳೋದು ಒಳ್ಳೇದಾ?" ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಈ ಪ್ರಶ್ನೆಗೆ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ವೀಸಾ ವಿಷಯ. ನೀವು ಎಚ್-1ಬಿ, ಎಚ್-4, ಎಲ್-1, ಎಫ್-1 ಇಂಥ ವೀಸಾದಲ್ಲಿದ್ದರೆ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಗನ್ನಾಗಲಿ, ಅದರ ಗುಂಡಾಗಲಿ ನಿಮ್ಮ ಕೈಯಲ್ಲಿ ಇರುವಂತಿಲ್ಲ. ಬೇಟೆ ಲೈಸೆನ್ಸ್ ಇರುವವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೊರಡಬೇಡಿ. ಗೊತ್ತಿಟ್ಟುಕೊಳ್ಳಿ, ಕಾನೂನು ಹೇಳುವುದು ಬರೀ ಕೊಳ್ಳುವ ಮಾತಲ್ಲ, ಹತ್ತಿರ ಇಟ್ಟುಕೊಳ್ಳುವುದೇ ತಪ್ಪು. ಆಫೀಸಿನ ಗೆಳೆಯರು ಶುಕ್ರವಾರ ಸಂಜೆ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗಿ, ಬಾಡಿಗೆ ಪಿಸ್ತೂಲು ಕೈಗೆ ಕೊಟ್ಟು, ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಾರಲ್ವಾ, ಅದೂ ಇದರೊಳಗೇ ಬರುತ್ತದೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು ಎಂದಾಗಿದೆ ನಿಜ. ಆದರೆ ಅದು ಗನ್ ಇಟ್ಟುಕೊಳ್ಳುವ ಹಕ್ಕು ಮೊದಲೇ ಇರುವವರಿಗೆ. ಫೆಡರಲ್ ಕಾನೂನು ಬೇಡ ಎಂದವರಿಗೆ ಟೆಕ್ಸಾಸ್ ಹೌದು ಎಂದರೆ ಏನೂ ಉಪಯೋಗವಿಲ್ಲ. ಸಿಕ್ಕಿಬಿದ್ದರೆ ಹದಿನೈದು ವರ್ಷದವರೆಗೆ ಜೈಲು ಆಗಬಹುದು, ಗಡೀಪಾರೂ ಆಗಬಹುದು. ಹತ್ತು ವರ್ಷ ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾದವರು ಒಂದು ಫೋಟೋಗೋಸ್ಕರ ಅದನ್ನೆಲ್ಲ ಪಣಕ್ಕಿಡಬೇಡಿ, ದಯವಿಟ್ಟು.

ಗ್ರೀನ್ ಕಾರ್ಡ್ ಬಂದವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಆದರೆ ಎಚ್-1ಬಿಯಲ್ಲಿರುವ ಭಾವನಿಗೋ ಗೆಳೆಯನಿಗೋ ನಿಮ್ಮ ಹೆಸರಲ್ಲಿ ತೆಗೆದುಕೊಟ್ಟರೆ ನೀವೂ ಅಪರಾಧಿ.

ಈಗ ಅಮೆರಿಕದವರ ವಾದಕ್ಕೆ ಬರುತ್ತೇನೆ, ಅದನ್ನು ತಿಳಿಯದೆ ಇಲ್ಲಿನ ನೆರೆಹೊರೆ ಅರ್ಥ ಆಗುವುದಿಲ್ಲ. ಆಯುಧ ಇಟ್ಟುಕೊಳ್ಳುವ ಹಕ್ಕು 1791ರಲ್ಲೇ ಇವರ ಸಂವಿಧಾನದ ಎರಡನೇ ತಿದ್ದುಪಡಿಯಾಗಿ ಬಂತು. ಅದು ಊರ ಕಾವಲು ಪಡೆಗೆ ಸೇರಿದ ಹಕ್ಕೋ, ಒಬ್ಬೊಬ್ಬ ಮನುಷ್ಯನ ಹಕ್ಕೋ ಎಂದು ಬಹಳ ಕಾಲ ಜಗಳ ನಡೆಯಿತು. 2008ರಲ್ಲಿ ಹೆಲ್ಲರ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆತ್ಮರಕ್ಷಣೆಗೆ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಒಬ್ಬೊಬ್ಬರ ಹಕ್ಕೇ ಎಂದು ತೀರ್ಪು ಕೊಟ್ಟಿತು. ಮನೆಯಿಂದ ಹೊರಗೂ ಆ ಹಕ್ಕಿದೆ ಎಂದು 2022ರ ಬ್ರುಯೆನ್ ತೀರ್ಪು ಹೇಳಿತು. ಪ್ಯೂ ಸಂಸ್ಥೆ 2023ರಲ್ಲಿ ಕೇಳಿದಾಗ ಇಲ್ಲಿನ ವಯಸ್ಕರಲ್ಲಿ 32% ಜನ ತಮ್ಮ ಹತ್ತಿರ ಗನ್ ಇದೆ ಅಂದರು. ಅವರಲ್ಲಿ 72% ಜನ ಅದಕ್ಕೆ ಕೊಟ್ಟ ದೊಡ್ಡ ಕಾರಣ ರಕ್ಷಣೆ. ಪೊಲೀಸ್ ಬರಲು ಅರ್ಧ ಗಂಟೆ ಬೇಕಾಗುವ ಹಳ್ಳಿಯಲ್ಲಿ ಒಬ್ಬಂಟಿಯಾಗಿರುವ ಹೆಂಗಸು ಗನ್ ಇಟ್ಟುಕೊಂಡರೆ ನನಗೆ ಅದು ಅರ್ಥ ಆಗುತ್ತದೆ. ಅವರನ್ನು ಹುಚ್ಚರು ಅನ್ನಬೇಡಿ, ಒಳ್ಳೆಯ ನೆರೆಯವರು ಅವರು.

ನನಗೂ ಕೋವಿ ಹೊಸದಲ್ಲ. ನಮ್ಮದು ತೀರ್ಥಹಳ್ಳಿ ಕಡೆ. ಹಂದಿ, ಮಂಗ ಬಂದು ಬೆಳೆ ಹಾಳು ಮಾಡುತ್ತವೆ ಎಂದು ಅಜ್ಜ ಬೆಳೆ ರಕ್ಷಣೆಗೆ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಕೋವಿ ಇಟ್ಟಿದ್ದರು. ಚುನಾವಣೆ ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಠೇವಣಿ ಇಟ್ಟು ಬರುತ್ತಿದ್ದರು. ಕೋವಿ ಮಾಳಿಗೆಯಲ್ಲಿ, ತೋಟೆ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಅಜ್ಜನ ಸೊಂಟದಲ್ಲಿ. ಇಲ್ಲಿ ನನ್ನ ಕೊಡವ ಗೆಳೆಯರೊಬ್ಬರಿದ್ದಾರೆ, ಅವರ ಜನಕ್ಕೆ ಆಯುಧ ಕಾಯ್ದೆಯ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಅವರೂ ಇದೇ ಮಾತು ಹೇಳುತ್ತಾರೆ, ಕೋವಿ ಇರುವ ಮನೆಯಲ್ಲಿ ಬೆಳೆದವರಿಗೆ ಅದರ ಭಯ ಚೆನ್ನಾಗಿ ಗೊತ್ತಿರುತ್ತದೆ. ಹೆದರಿಕೆಯಲ್ಲಿ ಹೋಗಿ ಒಂದೇ ಮಧ್ಯಾಹ್ನದಲ್ಲಿ ಪಿಸ್ತೂಲು ಕೊಂಡು ತಂದು ತಲೆದಿಂಬಿನ ಹತ್ತಿರ ತುಂಬಿಸಿ ಇಡುವುದು ಬೇರೆಯದೇ ವಿಷಯ.

ಹೆದರಿಕೆ ಯಾವುದರದು ಹೇಳಿ? ನಮ್ಮವರ ಮನೆಯಲ್ಲಿ ಚಿನ್ನ ಇರುತ್ತದೆ ಎಂದು ಕಳ್ಳರಿಗೆ ಗೊತ್ತು, ಅದು ಸುಳ್ಳಲ್ಲ. ಆದರೆ ಸರ್ಕಾರದ ನ್ಯಾಯ ಇಲಾಖೆ 2003ರಿಂದ 2007ರವರೆಗಿನ ಮನೆಗಳ್ಳತನಗಳನ್ನು ಲೆಕ್ಕ ಹಾಕಿದಾಗ, ಮನೆಯವರು ಒಳಗಿದ್ದದ್ದು ಸುಮಾರು 28% ಸಲ ಮಾತ್ರ. ಉಳಿದ ಕಳ್ಳತನಗಳೆಲ್ಲ ನಾವು ದೇವಸ್ಥಾನದಲ್ಲೋ, ಆಫೀಸಿನಲ್ಲೋ, ಊರಲ್ಲೋ ಇದ್ದಾಗ ಆಗುವಂಥವು. ಖಾಲಿ ಮನೆಯಲ್ಲಿ ಬೀರುವಿನೊಳಗಿನ ಪಿಸ್ತೂಲು ಚಿನ್ನವನ್ನು ಕಾಯುವುದಿಲ್ಲ, ಚಿನ್ನದ ಜೊತೆಗೆ ಅದೂ ಹೋಗುತ್ತದೆ. ಮಾಂಗಲ್ಯ ಸರ ಒಂದನ್ನು ಬಿಟ್ಟು ಉಳಿದದ್ದನ್ನು ಬ್ಯಾಂಕ್ ಲಾಕರ್‌ನಲ್ಲಿಡಿ. ಬಾಗಿಲಿಗೆ ಗಟ್ಟಿ ಬೋಲ್ಟ್ ಹಾಕಿಸಿ, ಬಾಗಿಲ ಚೌಕಟ್ಟಿಗೆ ಮೂರಿಂಚಿನ ಸ್ಕ್ರೂ ಹಾಕಿಸಿ, ಅಲಾರಂ ಇಡಿಸಿ. ಊರಿಗೆ ಹೋಗುವ ಮೊದಲು ವಿಮಾನದ ಟಿಕೆಟ್ ಫೋಟೋ ಹಾಕಬೇಡಿ.

ಟೆಕ್ಸಾಸ್ ಕಾನೂನು ಮನೆಯವನ ಪಕ್ಷ ವಹಿಸುತ್ತದೆ ಅನ್ನುವುದು ನಿಜ. ನೀವು ಒಳಗಿದ್ದಾಗ ಯಾರಾದರೂ ಅಕ್ರಮವಾಗಿ, ಬಲವಂತವಾಗಿ ಮನೆಗೆ ನುಗ್ಗಿದರೆ ನಿಮ್ಮ ಹೆದರಿಕೆಗೆ ಕಾರಣವಿತ್ತು ಎಂದೇ ಅದು ಸಾಮಾನ್ಯವಾಗಿ ಭಾವಿಸುತ್ತದೆ, ಓಡಿಹೋಗಬೇಕು ಎಂದು ಹೇಳುವುದಿಲ್ಲ. ಆದರೆ ನಮ್ಮಂಥವರು ಅದೇ ಕಾನೂನನ್ನು ಬಾಗಿಲಿನ ಆಚೆ ಬದಿಯಿಂದಲೂ ನೋಡಬೇಕು. ಬಂದ ಎರಡನೇ ವರ್ಷ ಗಣೇಶನ ಹಬ್ಬದ ರಾತ್ರಿ ಗೆಳೆಯನ ಮನೆಗೆ ಪ್ರಸಾದ ಕೊಡಲು ಹೋಗಿ, ಒಂದೇ ಥರ ಇರುವ ಅಪಾರ್ಟ್‌ಮೆಂಟುಗಳಲ್ಲಿ ಕಟ್ಟಡ ತಪ್ಪಿ, ಬೇರೆ ಯಾರದೋ ಬಾಗಿಲು ಬಡಿದೆ. ಉತ್ತರ ಬರಲಿಲ್ಲ ಎಂದು ಹಿಡಿಯನ್ನೂ ತಿರುಗಿಸಿದೆ. ಬಾಗಿಲು ತೆರೆದವರ ಕೈಯಲ್ಲಿ ಪಿಸ್ತೂಲಿತ್ತು. ನಳಿಗೆ ನೆಲ ನೋಡುತ್ತಿತ್ತು, ಅಷ್ಟೇ ನನ್ನ ಪುಣ್ಯ. ಕೈಯಲ್ಲಿದ್ದ ಕಡುಬಿನ ಡಬ್ಬಿ ಬಿದ್ದುಹೋಯಿತು.

ಎಲ್ಲರಿಗೂ ಆ ಪುಣ್ಯ ಇರಲಿಲ್ಲ. 1992ರ ಅಕ್ಟೋಬರ್‌ನಲ್ಲಿ ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಯೋಶಿಹಿರೊ ಹಟ್ಟೋರಿ ಎಂಬ 16 ವರ್ಷದ ಜಪಾನಿ ವಿದ್ಯಾರ್ಥಿ ಹ್ಯಾಲೊವೀನ್ ಪಾರ್ಟಿಗೆಂದು ತಪ್ಪು ಮನೆಗೆ ಹೋಗಿ ಗುಂಡೇಟಿಗೆ ಸತ್ತ. ಹೊಡೆದವನನ್ನು ಜ್ಯೂರಿ ಖುಲಾಸೆ ಮಾಡಿತು. 2023ರ ಏಪ್ರಿಲ್‌ನಲ್ಲಿ ಕನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋದ ರಾಲ್ಫ್ ಯಾರ್ಲ್ ಎಂಬ ಹುಡುಗ, ಬೀದಿಯ ಹೆಸರು ಹೆಚ್ಚುಕಮ್ಮಿ ಒಂದೇ ಆಗಿದ್ದರಿಂದ ತಪ್ಪು ಬಾಗಿಲ ಗಂಟೆ ಒತ್ತಿ ತಲೆಗೆ ಗುಂಡು ತಿಂದ. ಬದುಕಿದ್ದೇ ದೊಡ್ಡದು. ಅದೇ ವಾರ ನ್ಯೂಯಾರ್ಕ್ ರಾಜ್ಯದಲ್ಲಿ ಕೇಲಿನ್ ಗಿಲ್ಲಿಸ್ ಎಂಬ 20 ವರ್ಷದ ಹುಡುಗಿ ಇದ್ದ ಕಾರು ಬೇರೆಯವರ ಮನೆಯ ದಾರಿಗೆ ತಿರುಗಿತು, ಅವಳು ಉಳಿಯಲಿಲ್ಲ. ಆದ್ದರಿಂದ ಯಾರ ಮನೆಗೆ ಹೋದರೂ ಕೆಳಗಿನಿಂದ ಫೋನ್ ಮಾಡಿ, ಮನೆ ನಂಬರು ಎರಡು ಸಲ ನೋಡಿ, ಹಿತ್ತಲಿನ ಬಾಗಿಲಿಗೆ ಹೋಗಬೇಡಿ, ಬಾಗಿಲ ಹಿಡಿ ಮುಟ್ಟಬೇಡಿ. ಊರಿನಿಂದ ಬಂದ ಅಪ್ಪ ಅಮ್ಮನಿಗೂ ಇದನ್ನು ಹೇಳಿಕೊಡಿ. ಸಂಜೆ ವಾಕಿಂಗ್ ಹೋದ ಅಪ್ಪ ದಾರಿ ತಪ್ಪಿದರೆ ನಮ್ಮೂರಿನ ಹಾಗೆ ಯಾವುದೋ ಅಂಗಳಕ್ಕೆ ನುಗ್ಗಿ ದಾರಿ ಕೇಳುವುದು ಇಲ್ಲಿ ಬೇಡ. ಪೊಲೀಸ್ ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ ಇರಲಿ, ಕೇಳುವವರೆಗೂ ಕಾಗದಕ್ಕೆ ಕೈ ಹಾಕಬೇಡಿ.

ಇನ್ನೊಂದು ವಿಷಯ, ಇದನ್ನು ನಮ್ಮವರು ಮಾತಾಡುವುದೇ ಇಲ್ಲ. 2021ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅವರಲ್ಲಿ 26,000ಕ್ಕಿಂತ ಜಾಸ್ತಿ ಜನ ಆತ್ಮಹತ್ಯೆ ಮಾಡಿಕೊಂಡವರು. ಕೆಲಸ ಹೋಗಿ 60 ದಿನದಲ್ಲಿ ದೇಶ ಬಿಡಬೇಕಾದ ಗಂಡ, ಒಬ್ಬಳೇ ಮನೆಯಲ್ಲಿ ಕೂತು ಮಂಕಾದ ಹೆಂಡತಿ, ಕಾಲೇಜು ಸೀಟಿನ ಒತ್ತಡದಲ್ಲಿರುವ ಮಗ, ಇವರೆಲ್ಲ ನಮ್ಮ ಮನೆಗಳಲ್ಲೇ ಇದ್ದಾರೆ. ಕೆಟ್ಟ ಗಳಿಗೆ ಬರುತ್ತದೆ, ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಗನ್ ಸಿಕ್ಕರೆ ಎರಡನೇ ಯೋಚನೆಗೆ ಸಮಯ ಇರುವುದಿಲ್ಲ. ಮನಸ್ಸು ಕುಗ್ಗಿದವರು 988ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಎತ್ತುತ್ತಾರೆ.

ಗ್ರೀನ್ ಕಾರ್ಡ್ ಆಗಿ, ಎಲ್ಲ ಯೋಚಿಸಿ, ಆದರೂ ಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ. ಮೊದಲು ತರಬೇತಿಗೆ ಹೋಗಿ, ಗಂಡ ಹೆಂಡತಿ ಇಬ್ಬರೂ. ಮನೆಯಲ್ಲಿ ಎಚ್-4ರಲ್ಲಿ ಯಾರಾದರೂ ಇದ್ದರೆ ಅವರಿಗೆ ಅದನ್ನು ಮುಟ್ಟಲು ಅವಕಾಶವಿಲ್ಲ, ವಕೀಲರ ಹತ್ತಿರ ಮೊದಲೇ ಮಾತಾಡಿ. ಗನ್ ಸೇಫ್‌ನಲ್ಲಿ, ಗುಂಡು ಬೇರೆ ಬೀಗದಲ್ಲಿ. 17 ವರ್ಷದೊಳಗಿನ ಮಕ್ಕಳ ಕೈಗೆ ತುಂಬಿದ ಗನ್ ಸಿಗುವಂತೆ ಬಿಡುವುದು ಟೆಕ್ಸಾಸ್‌ನಲ್ಲಿ ಅಪರಾಧ.

ಕೊಳ್ಳದವರಿಗೂ ಒಂದು ಕೆಲಸ ಇದೆ. ಮಗುವನ್ನು ಬೇರೆಯವರ ಮನೆಗೆ ಆಡಲು ಕಳಿಸುವಾಗ ಕಡಲೆಕಾಯಿ ಅಲರ್ಜಿ, ನಾಯಿ ಇದೆಯಾ ಎಂದೆಲ್ಲ ಮಾತಾಡುತ್ತೀರಲ್ವಾ, ಅದರ ಜೊತೆಗೇ ಕೇಳಿ: "ನಿಮ್ಮ ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ?" ಮೊದಲ ಸಲ ಕೇಳುವಾಗ ನನಗೆ ನಾಲಿಗೆ ಒಣಗಿತ್ತು, ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂದು. ಮಗಳ ಗೆಳತಿಯ ಅಮ್ಮ ಒಂದು ಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. "ಮೂರಿದೆ, ಬನ್ನಿ ನೋಡಿ" ಎಂದು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಸೇಫ್ ತೋರಿಸಿದರು. ಆಮೇಲೆ ಅವರೂ ನನ್ನನ್ನು ಅದೇ ಪ್ರಶ್ನೆ ಕೇಳಿದರು.