ಬೆನ್ನಿಗೆ ಬಿಸಿಲಿದ್ದರೂ ಸ್ಕ್ರೀನ್ ಕಾಣುವಂತೆ ಮಾಡಿಕೊಂಡದ್ದು

ಸ್ಪಾಟಿಂಗ್ ಸ್ಕೋಪಿನ (ದೂರದ ಹಕ್ಕಿ ನೋಡುವ ದೂರದರ್ಶಕದ) ಹಿಂದೆ ಕಾಂಪ್ಯಾಕ್ಟ್ ಕ್ಯಾಮೆರಾ ಕೂರಿಸಿ ಹಕ್ಕಿ ತೆಗೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಿಸಿಲಲ್ಲೂ ಕ್ಯಾಮೆರಾದ ಸ್ಕ್ರೀನ್ ಕಾಣಲೆಂದು ಅದರ ಹಿಂದೆ ನಾನು ಕೂರಿಸಿದ ರಟ್ಟಿನ ಡಬ್ಬದ ಕಥೆ ಇದು. ಕ್ಯಾಮೆರಾದಲ್ಲೇ ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಇರುವವರು ನಕ್ಕು ಮುಂದೆ ಹೋಗಬಹುದು. ನನ್ನ ಜೊತೆ ಬರುವವರೂ ಇಷ್ಟು ಕಾಲ ನಕ್ಕವರೇ. “ಅದಕ್ಕೆ ಡಬ್ಬ ಕಟ್ಟಿಕೊಂಡು ಒದ್ದಾಡೋ ಬದಲು ಬೇರೆ ಕ್ಯಾಮೆರಾ ತಗೋ ಮಾರಾಯ” ಅಂದವರಲ್ಲಿ ಒಬ್ಬರು ಮೊನ್ನೆ ನನ್ನ ಡಬ್ಬದೊಳಗೆ ಕಣ್ಣಿಟ್ಟು ಐದು ನಿಮಿಷ ಕದಲಲಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ತೊಂದರೆಯ ಮೂಲ ಎಲ್ಲಿದೆ ಅಂತ ತಿಳಿಯುವಷ್ಟರಲ್ಲಿ ಸಾಕಷ್ಟು ಹಣ ಕೈಬಿಟ್ಟಿತ್ತು. ಹಕ್ಕಿಯ ಮೈಮೇಲೆ ಬೆಳಕು ಬೀಳಬೇಕಾದರೆ ಸೂರ್ಯ ನಮ್ಮ ಬೆನ್ನಿಗಿರಬೇಕು. ಬೆನ್ನಿಗಿದ್ದರೆ ಬಿಸಿಲು ಹೆಗಲ ಮೇಲಿಂದ ನೇರ ಸ್ಕ್ರೀನಿಗೇ ಬಡಿಯುತ್ತದೆ. ಫೋಟೋಗೆ ಬೆಳಕು ಒಳ್ಳೆಯದಾದಷ್ಟೂ ಸ್ಕ್ರೀನ್ ಕುರುಡು. ಅಂಗಡಿಯಲ್ಲಿ ಸಿಗುವ ಮೂರು ರೆಕ್ಕೆಯ ಮಡಿಚುವ ಹುಡ್ (ಸ್ಕ್ರೀನಿಗೆ ನೆರಳು ಕೊಡುವ ಮರೆ) ಮೇಲಿನಿಂದ, ಪಕ್ಕದಿಂದ ಬರುವ ಬಿಸಿಲನ್ನು ತಡೆಯುತ್ತದೆ, ಹಿಂದಿನಿಂದ ಬರುವುದನ್ನು ತಡೆಯುವುದಿಲ್ಲ. ಅದರ ಆಳ ಮೂರು ಸೆಂಟಿಮೀಟರ್ ಇದ್ದರೆ ಹೆಚ್ಚು. ಬೇರೆ ಬೇರೆ ಅಳತೆಯ ಎರಡು ಕೊಂಡೆ. ಆ ದುಡ್ಡಿಗೆ ಒಳ್ಳೆಯ ಮೆಮೊರಿ ಕಾರ್ಡ್ ಬರುತ್ತಿತ್ತು.

ಅದಕ್ಕೂ ಮೊದಲು ಎಲ್ಲರಂತೆ ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿದ್ದೆ. ನಡುಹಗಲ ಬಿಸಿಲೆಂದರೆ ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಆಸುಪಾಸು, ಅದರ ಮುಂದೆ ಸ್ಕ್ರೀನಿನ ಪುಟ್ಟ ದೀಪದ ಆಟ ನಡೆಯುವುದಿಲ್ಲ. ಬ್ಯಾಟರಿ ಬೇಗ ಖಾಲಿಯಾಗುವುದು ಇನ್ನೊಂದು ಕಥೆ. ಅದಕ್ಕಿಂತ ಕೆಟ್ಟದ್ದು, ಸ್ಕ್ರೀನ್ ಬೆಳಗಿದ್ದರಿಂದ ಫೋಟೋವೂ ಬೆಳಗಿದೆ ಅನ್ನಿಸಿ ಎಕ್ಸ್‌ಪೋಷರ್ (ಫೋಟೋಗೆ ಒಳಬಿಡುವ ಬೆಳಕು) ಇಳಿಸುತ್ತಾ ಹೋಗುತ್ತೇವೆ. ಮನೆಗೆ ಬಂದು ನೋಡಿದರೆ ನೀರುಕಾಗೆ ಬರೀ ಕರಿ ಮುದ್ದೆ. ಮ್ಯಾಟ್ ಫಿಲ್ಮ್ ಅಂಟಿಸಿದ್ದೂ ಆಯಿತು. ಅದು ಪ್ರತಿಫಲನವನ್ನು ಇಲ್ಲವಾಗಿಸುವುದಿಲ್ಲ, ಇಡೀ ಸ್ಕ್ರೀನಿಗೆ ಹರಡುತ್ತದೆ. ಕನ್ನಡಿಯಂತೆ ಹೊಳೆಯುತ್ತಿದ್ದದ್ದು ಮಂಜಿನಂತೆ ಮಸುಕಾಯಿತು, ಫೋಕಸ್ ಕೂತಿದೆಯೋ ಇಲ್ಲವೋ ಎಂದು ಹೇಳುವುದು ಮತ್ತಷ್ಟು ಕಷ್ಟವಾಯಿತು.

ತಲೆ ಮೇಲೆ ಕಪ್ಪು ಬಟ್ಟೆ ಹೊದ್ದುಕೊಳ್ಳುವುದು ಹಳೆಯ ಉಪಾಯ, ಖರ್ಚಿಲ್ಲ. ಸ್ಕ್ರೀನ್ ನಿಜವಾಗಿಯೂ ಚೆನ್ನಾಗಿ ಕಾಣುತ್ತದೆ. ಆದರೆ ಒಳಗೆ ಬೆವರು, ಉಸಿರಿನ ಆವಿ ಐಪೀಸಿನ (ಸ್ಕೋಪಿನ ಹಿಂತುದಿಯ ಗಾಜಿನ) ಮೇಲೆ, ಗಾಳಿ ಬಂದರೆ ಬಟ್ಟೆ ಪಟಪಟ. ಟಿಟ್ಟಿಭ ಇದ್ದ ಕಡೆ ಅಷ್ಟು ಸಾಕು, ಊರಿಗೆಲ್ಲ ಸುದ್ದಿ ಮುಟ್ಟಿಸಿಬಿಡುತ್ತದೆ. ಜೊತೆಗೆ ಬಟ್ಟೆಯೊಳಗೆ ಇದ್ದಾಗ ಸುತ್ತ ಏನಾಗುತ್ತಿದೆ ಗೊತ್ತಾಗುವುದಿಲ್ಲ. ಸ್ಕೋಪಿನಲ್ಲಿ ಒಂದು ಹಕ್ಕಿ ಹಿಡಿದು ಕೂತಿರುವಾಗ ಪಕ್ಕದಲ್ಲೇ ಮಿಂಚುಳ್ಳಿ ಬಂದು ಹೋಗಿರುತ್ತದೆ.

ಹೀಗಾಗಿ ಬೇಕಿದ್ದದ್ದು ರೆಕ್ಕೆಯಲ್ಲ, ಉದ್ದದ ಕೊಳವೆ. ಅದರ ಹೊರತುದಿ ಕಣ್ಣಿನಿಂದಲೇ ಮುಚ್ಚಿಹೋಗಬೇಕು. ಕಣ್ಣು ಅಷ್ಟು ಹತ್ತಿರ ಹೋದರೆ ಬರಿಗಣ್ಣಿಗೆ ಸ್ಕ್ರೀನ್ ಸ್ಪಷ್ಟವಾಗದು, ಅದಕ್ಕೊಂದು ಲೆನ್ಸ್ ಬೇಕು. ಹಳೆಯ ಓದುವ ಭೂತಗನ್ನಡಿಯ ಹಿಡಿ ಮುರಿದು ಲೆನ್ಸ್ ತೆಗೆದೆ, ಅಗಲ ಸುಮಾರು ಐದು ಸೆಂಟಿಮೀಟರ್. ದೂರದ ಮರದ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ಅಳೆದರೆ ಫೋಕಲ್ ಲೆಂಗ್ತ್ (ಲೆನ್ಸಿನಿಂದ ಆ ಬಿಂಬಕ್ಕಿರುವ ದೂರ) 85 ಮಿಲಿಮೀಟರ್ ಹತ್ತಿರ ಬಂತು. ಅಂದರೆ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇದಕ್ಕಿಂತ ಬಲವಾದ ಲೆನ್ಸ್ ಹಾಕಬೇಡಿ, ಸ್ಕ್ರೀನಿನ ಚುಕ್ಕಿಗಳೇ ಎದ್ದು ಕಂಡು ಹಕ್ಕಿ ಹಿಂದೆ ಸರಿಯುತ್ತದೆ.

ಮೂರು ಇಂಚಿನ 4:3 ಸ್ಕ್ರೀನ್ ಅಂದರೆ ಅಂದಾಜು 61 ಮಿಲಿಮೀಟರ್ ಅಗಲ, 46 ಎತ್ತರ. ಬುಡವನ್ನು ಎಲ್ಲಾ ಕಡೆ ಎರಡು ಮೂರು ಮಿಲಿಮೀಟರ್ ಹೆಚ್ಚಿಟ್ಟು, ಲೆನ್ಸಿನ ಕಡೆಗೆ ಕಿರಿದಾಗಿಸಿ, ಗಟ್ಟಿ ರಟ್ಟಿನಲ್ಲಿ ಎರಡು ಕೊಳವೆ ಮಾಡಿದೆ, ಒಂದರೊಳಗೆ ಒಂದು ಜಾರುವಂತೆ. ಕನ್ನಡಕ ಹಾಕುವವರು ತಮ್ಮ ಕಣ್ಣಿಗೆ ಸ್ಪಷ್ಟವಾಗುವಷ್ಟು ಆಚೀಚೆ ಎಳೆದುಕೊಂಡರೆ ಸಾಕು. ಒಳಗೆ ಮೊದಲು ಕಪ್ಪು ಪೇಂಟ್ ಹೊಡೆದಿದ್ದೆ. ಓರೆಯಾಗಿ ಬಿದ್ದ ಬೆಳಕಿಗೆ ಕಪ್ಪು ಪೇಂಟ್ ಕೂಡ ಫಳಫಳ ಹೊಳೆಯುತ್ತದೆ, ನಾಲ್ಕೂ ಗೋಡೆಯಲ್ಲಿ ಸ್ಕ್ರೀನಿನ ನಾಲ್ಕು ದೆವ್ವ ಕಂಡವು. ಕಪ್ಪು ವೆಲ್ವೆಟ್ ಬಟ್ಟೆ ಅಂಟಿಸಿದ ಮೇಲೆ ಮಾಯವಾದವು. ಹೊರಗೆ ಮಾತ್ರ ಕಪ್ಪು ಬೇಡ. ಬಿಸಿಲಿಗೆ ಕಾದು ಕ್ಯಾಮೆರಾದ ಬೆನ್ನೂ ಸುಡುತ್ತದೆ, ಸೆನ್ಸರ್ ಬಿಸಿಯಾದಷ್ಟು ಫೋಟೋದಲ್ಲಿ ನಾಯ್ಸ್ (ಬೇಡದ ಚುಕ್ಕಿಗಳು) ಜಾಸ್ತಿ. ನಾನು ಮಂಕು ಮಣ್ಣಿನ ಬಣ್ಣದ ಬಟ್ಟೆ ಸುತ್ತಿದ್ದೇನೆ. ಆವಿ ಹೋಗಲು ಕೆಳಮೈಯಲ್ಲಿ ಎರಡು ತೂತು.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಈ ಲೆನ್ಸ್ ಸೂರ್ಯನ ಕಡೆ ಮುಖ ಮಾಡಿದರೆ ಬೆಳಕೆಲ್ಲ ಒಂದು ಚುಕ್ಕೆಯಾಗಿ ಸ್ಕ್ರೀನಿನ ಮೇಲೆ ಕೂರುತ್ತದೆ, ಸುಟ್ಟು ಗುರುತು ಬೀಳಲು ಹೊತ್ತು ಬೇಕಿಲ್ಲ. ಕಣ್ಣು ತೆಗೆದ ಕೂಡಲೇ ಮುಚ್ಚಳ ಬೀಳಬೇಕು. ನನ್ನದು ದಾರದಲ್ಲಿ ತೂಗುವ ಮುಚ್ಚಳ.

ಕೊಳವೆಯನ್ನು ಕ್ಯಾಮೆರಾಕ್ಕೇ ಎಲಾಸ್ಟಿಕ್ಕಿನಿಂದ ಬಿಗಿದದ್ದು ಕೈಕೊಟ್ಟಿತು. ಮೂವತ್ತು ಪಟ್ಟು ಹಿಗ್ಗಿಸಿದ ಸ್ಕೋಪಿಗೆ ಹುಬ್ಬು ತಾಗಿದರೂ ಭೂಕಂಪ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಅಲುಗಾಟ ನಿಲ್ಲುತ್ತದೆ, ಹಕ್ಕಿ ನಿಲ್ಲಬೇಕಲ್ಲ. ಈಗ ಕೊಳವೆಯ ಭಾರ ಪೂರ್ತಿ ಟ್ರೈಪಾಡಿನ ಮೇಲೆ, ಬೇರೆಯದೇ ಒಂದು ಅಲ್ಯೂಮಿನಿಯಂ ಪಟ್ಟಿಯಲ್ಲಿ ನಿಂತಿದೆ. ಕ್ಯಾಮೆರಾಕ್ಕೂ ಅದಕ್ಕೂ ನಡುವೆ ಬೆರಳಿನ ದಪ್ಪದ ಸಂದು. ಸ್ಕೋಪ್ ತಿರುಗಿದಾಗ ಕೊಳವೆಯೂ ಜೊತೆಗೇ ತಿರುಗುತ್ತದೆ, ಆ ಸಂದಿನಿಂದ ಬೆಳಕು ನುಗ್ಗುವುದಿಲ್ಲ, ಅಲುಗಾಟವೂ ದಾಟುವುದಿಲ್ಲ. ಅದನ್ನು ಯಾವುದರಿಂದ ಮುಚ್ಚಿದ್ದೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹೊಲಿಗೆ ಬಲ್ಲವರಿಗೆ ಹೊಳೆಯುತ್ತದೆ.

ಮಧ್ಯೆ ಒಂದು ಹುಚ್ಚಾಟವನ್ನೂ ಮಾಡಿದೆ. ಬಗ್ಗಿ ನೋಡುವ ಕಷ್ಟ ತಪ್ಪಲಿ ಅಂತ ಕೊಳವೆಯೊಳಗೆ 45 ಡಿಗ್ರಿಗೆ ಕನ್ನಡಿ ಇಟ್ಟು ಮೇಲಿನಿಂದ ನೋಡುವ ಹಾಗೆ ಮಾಡಿದೆ. ಕುತ್ತಿಗೆಗೆ ಸುಖವೋ ಸುಖ. ಆದರೆ ಮೇಲೆ ಕೆಳಗೆ ಅದಲುಬದಲು. ಹಕ್ಕಿ ಮೇಲಕ್ಕೆ ಹತ್ತಿದರೆ ಕೈ ಸ್ಕೋಪನ್ನು ಕೆಳಕ್ಕೆ ತಿರುಗಿಸುತ್ತದೆ. ನಿದ್ದೆ ಮಾಡುವ ಗೂಬೆಗೆ ಆದೀತು.

ಈಗ ಏನು ಸಿಕ್ಕಿದೆ ಅಂದರೆ, ಬೆಳ್ಳಕ್ಕಿ. ಬಿಸಿಲಲ್ಲಿ ನಿಂತ ಬೆಳ್ಳಕ್ಕಿಯ ಬೆನ್ನಿನ ಗರಿ ಎಳೆಎಳೆಯಾಗಿ ಬರುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಹೈಲೈಟ್, ಅಂದರೆ ಬೆಳಕು ಅತಿಯಾದ ಬಿಳಿ ಭಾಗ, ಸ್ಕ್ರೀನಿನಲ್ಲಿ ಮಿನುಗುವುದು ಕೊಳವೆಯೊಳಗೆ ಸ್ಪಷ್ಟವಾಗಿ ಕಾಣುವುದರಿಂದ, ಮಿನುಗು ನಿಲ್ಲುವ ತನಕ ಎಕ್ಸ್‌ಪೋಷರನ್ನು ಮೂರನೇ ಒಂದು ಸ್ಟಾಪಿನಂತೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸುತ್ತಾ ಹೋಗುತ್ತೇನೆ. ಸ್ಕ್ರೀನಿನ ಬ್ರೈಟ್‌ನೆಸ್ಸನ್ನು ನಡುಮಟ್ಟಕ್ಕೆ ಇಳಿಸಿದ್ದರಿಂದ ಬ್ಯಾಟರಿ ಮೊದಲಿಗಿಂತ ಹೆಚ್ಚು ಹೊತ್ತು ಬರುತ್ತಿದೆ. ಮೊದಲು ಹತ್ತರಲ್ಲಿ ಎರಡೋ ಮೂರೋ ಫೋಟೋ ಫೋಕಸ್ ಇರುತ್ತಿದ್ದದ್ದು, ಈಗ ಆರೇಳು ಇರುತ್ತವೆ. ಲೆನ್ಸ್ ಮನೆಯಲ್ಲೇ ಇತ್ತು, ಉಳಿದ ಖರ್ಚೆಲ್ಲ ಸೇರಿದರೂ ಒಂದು ಹೆಚ್ಚುವರಿ ಬ್ಯಾಟರಿಯಷ್ಟಾಗಿಲ್ಲ. ತೂಕ ನೂರು ಗ್ರಾಮಿನ ಒಳಗೆ.

ಬೇರೆ ಕ್ಯಾಮೆರಾಗಳಿಗೆ ಮಾಡುವವರಿಗೆ ಎರಡು ಮಾತು. ವ್ಯೂಫೈಂಡರಿನ ಪಕ್ಕ ಕಣ್ಣಿನ ಸೆನ್ಸರ್ ಇದ್ದರೆ ಕೊಳವೆಯನ್ನೇ ಕಣ್ಣೆಂದು ತಿಳಿದು ಸ್ಕ್ರೀನ್ ಆರಿಸಿಬಿಡುತ್ತದೆ, ಮೆನುವಿನಲ್ಲಿ ಸ್ಕ್ರೀನ್ ಮಾತ್ರ ಎಂದು ಇಟ್ಟುಕೊಳ್ಳಿ. ಮಡಚುವ ಸ್ಕ್ರೀನಿಗೆ ಅಯಸ್ಕಾಂತದಿಂದ ಅಂಟಿಸಲು ಹೋಗಬೇಡಿ, ಮುಚ್ಚಿದೆ ಎಂದುಕೊಂಡು ಕೆಲವು ಸ್ಕ್ರೀನ್ ಆರಿಹೋಗುತ್ತವೆ. ಇನ್ನು ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಇಣುಕಿದರೆ ಎಷ್ಟೋ ಸ್ಕ್ರೀನು ಒಂದು ಕೋನದಲ್ಲಿ ಪೂರ್ತಿ ಕಪ್ಪು. ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾದವರನ್ನು ನೋಡಿದ್ದೇನೆ.

ಉದ್ದ ಕಾಲಿನ ಹಕ್ಕಿಗೆ ಲಂಬ ಫ್ರೇಮ್ ಬೇಕಾದಾಗ ಮಾತ್ರ ಇದು ಸಾಲುತ್ತಿಲ್ಲ. ಕ್ಯಾಮೆರಾ ತಿರುಗಿಸಿದರೆ ಕೊಳವೆಯ ಬುಡ ಹೊಂದುವುದಿಲ್ಲ. ಚೌಕ ಬುಡ ಮಾಡಿ ನೋಡಿದೆ, ಪಕ್ಕದಿಂದ ಬೆಳಕು ಸೋರಿತು. ಸದ್ಯ ಸ್ವಲ್ಪ ದೂರ ನಿಂತು ಅಡ್ಡ ಫ್ರೇಮಿನಲ್ಲೇ ತೆಗೆದು ಆಮೇಲೆ ಕತ್ತರಿಸುತ್ತಿದ್ದೇನೆ.