ಪಂಕ್‌ನಿಂದ ಹಿಂದಕ್ಕೆ ಹೋಗುತ್ತ ಗ್ಯಾರೇಜ್ ರಾಕ್ ಸಿಕ್ಕಿದ್ದು

ನಾನು ರಾಕ್ ಕೇಳಲು ಶುರು ಮಾಡಿದಾಗ ಬೆಂಗಳೂರಿನ ನನ್ನ ಗೆಳೆಯರೆಲ್ಲ ಮೆಟಲ್ ಅಭಿಮಾನಿಗಳು. ಯಾರ ಗಿಟಾರ್ ಸೋಲೋ, ಅಂದರೆ ಒಂಟಿಯಾಗಿ ನುಡಿಸುವ ಭಾಗ, ಎಷ್ಟು ವೇಗ ಅನ್ನುವುದೇ ಮಾತು. ಆಗಷ್ಟೇ ಗಿಟಾರ್ ಹಿಡಿದಿದ್ದ ನನಗೆ ಅದು ಕೈಗೆಟುಕದ ವಿದ್ಯೆ. ಅಂಥ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದು ನ್ಯೂಯಾರ್ಕಿನ ರಮೋನ್ಸ್, ಸರಳ, ವೇಗದ, ಒರಟು ರಾಕ್ ಆದ ಪಂಕ್‌ನ ತಂಡ. 1976ರ ಅವರ ಮೊದಲ ಆಲ್ಬಮ್‌ನಲ್ಲಿ 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ.

ರೆಕಾರ್ಡ್ ಹಾಕಿಕೊಂಡು ಜೊತೆಜೊತೆಗೇ ನುಡಿಸುತ್ತ ಕಲಿತೆ. ತಂಡದ ಗಿಟಾರ್ ವಾದಕ ಜಾನಿ ರಮೋನ್ ತಂತಿಯನ್ನು ಬಹುತೇಕ ಮೇಲಿನಿಂದ ಕೆಳಕ್ಕೇ ಮೀಟುತ್ತಾನೆ. ಎದೆಗೆ ಗುದ್ದುವ ಆ ಸದ್ದಿನ ಗುಟ್ಟು ಅದೇ. ಹಾಗೆ ನುಡಿಸಿದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಮುಂಗೈ ಬಿಗಿದುಕೊಳ್ಳುತ್ತದೆ. ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ) ಮೂರೇ ಇರಲಿ, ಆ ವೇಗದಲ್ಲಿ ಲಯ ಬಿಡದೆ ಹಿಡಿದಿಡುವುದಕ್ಕೂ ಸಾಧನೆ ಬೇಕು. ಪಂಕ್ ಅಂದರೆ ನುಡಿಸಲು ಬಾರದವರ ಸಂಗೀತ ಎನ್ನುವವರ ಮಾತನ್ನು ನಾನು ಅಂದಿನಿಂದ ಒಪ್ಪಿಲ್ಲ.

ಮುಂದಿನ ದಾರಿ ತೋರಿಸಿದ್ದು, ರಮೋನ್ಸ್ ಎತ್ತಿಕೊಂಡ ಹಳೆಯ ಹಾಡುಗಳು. 1977ರ ‘ರಾಕೆಟ್ ಟು ರಷ್ಯಾ’ದಲ್ಲಿ ‘ಸರ್ಫಿನ್ ಬರ್ಡ್’ ಇದೆ. ಅದನ್ನು 1963ರಲ್ಲೇ ಮಿನಿಯಾಪೊಲಿಸ್‌ನ ಟ್ರ್ಯಾಶ್‌ಮೆನ್ ಹಾಡಿದ್ದರು. ಹುಡುಕಿ ಕೇಳಿದೆ. ಪಂಕ್ ಹುಟ್ಟುವ ಎಷ್ಟೋ ವರ್ಷ ಮೊದಲೇ ಅದೇ ಹುಚ್ಚು! ಅರವತ್ತರ ದಶಕದ ಹುಡುಗರ ತಂಡಗಳ ಈ ಒರಟು ರಾಕ್‌ಗೇ ಗ್ಯಾರೇಜ್ ರಾಕ್ ಎಂದು ಹೆಸರು.

ಅದೇ 1963ರಲ್ಲಿ ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ಮುದ್ರಿಸಿದ ‘ಲೂಯಿ ಲೂಯಿ’ಯನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು. ಗಿಟಾರ್ ಸೋಲೋ ಮುಗಿದ ಮೇಲೆ ಗಾಯಕ ಜ್ಯಾಕ್ ಈಲಿ ಅವಸರಪಟ್ಟು ಮುಂದಿನ ಚರಣ ಎತ್ತಿಕೊಳ್ಳುತ್ತಾನೆ, ತಕ್ಷಣ ನಿಲ್ಲಿಸುತ್ತಾನೆ. ಆ ಖಾಲಿ ಜಾಗವನ್ನು ಡ್ರಮ್ ತುಂಬುತ್ತದೆ. ಅದನ್ನು ಯಾರೂ ತಿದ್ದಲಿಲ್ಲ, ಹಾಗೆಯೇ ರೆಕಾರ್ಡ್ ಹೊರಬಂತು. ಸಾಹಿತ್ಯ ಅಶ್ಲೀಲವೆಂಬ ದೂರು ಬಂದು ಎಫ್‌ಬಿಐ ತನಿಖೆಯನ್ನೇ ನಡೆಸಿತು. ಪದಗಳು ಸ್ಪಷ್ಟವಾಗಿ ಕೇಳಿಸುವುದಿಲ್ಲ ಎನ್ನುವಲ್ಲಿಗೆ ಅದು ನಿಂತಿತು. ನನಗಂತೂ ಆ ತಡವರಿಕೆಯೇ ಹಾಡಿನ ಜೀವ. ಒಂದು ಕೋಣೆಯಲ್ಲಿ ಹುಡುಗರು ಕೂಡಿ ಹಾಡುತ್ತಿದ್ದಾರೆ ಎಂದು ಅಲ್ಲಿ ಕಿವಿಗೇ ಗೊತ್ತಾಗುತ್ತದೆ.

ಚೆದುರಿದ್ದ ಇದೆಲ್ಲ ಒಂದಕ್ಕೊಂದು ಕೂಡಿಕೊಂಡದ್ದು ‘ನಗೆಟ್ಸ್’ ಸಂಕಲನದಿಂದ. 1972ರಲ್ಲಿ ಎಲೆಕ್ಟ್ರಾ ಕಂಪನಿ ತಂದ ಎರಡು ಎಲ್‌ಪಿಗಳ ಕಟ್ಟು ಅದು, 27 ಹಾಡು. ಅದರಲ್ಲಿ ಒಂದೋ ಎರಡೋ ಹಿಟ್ ಕೊಟ್ಟು ಮರೆಯಾದ ತಂಡಗಳೇ ಹೆಚ್ಚು. ಅದನ್ನು ಆರಿಸಿ ಜೋಡಿಸಿದವರು ಲೆನ್ನಿ ಕೇ. ಅದರ ಜೊತೆಗಿನ ಬರಹದಲ್ಲಿ ಅವರು ಆ ತಂಡಗಳನ್ನು ಆಗಲೇ ಪಂಕ್ ರಾಕ್ ಎಂದು ಕರೆದಿದ್ದರು. 1975ರಲ್ಲಿ ಪಂಕ್ ಗಾಯಕಿ ಪ್ಯಾಟಿ ಸ್ಮಿತ್ ಅವರ ‘ಹಾರ್ಸಸ್’ ಆಲ್ಬಮ್‌ನಲ್ಲಿ ಗಿಟಾರ್ ನುಡಿಸಿದವರೂ ಅವರೇ. ಹಳೆಯದನ್ನು ಪ್ರೀತಿಯಿಂದ ಕೂಡಿಟ್ಟವರೇ ಹೊಸದನ್ನೂ ಕಟ್ಟಿದರು ಎಂದು ತಿಳಿದಾಗ ಆದ ಸಂತೋಷ ಸಣ್ಣದಲ್ಲ.

ಹೊಸಬರು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನಾನು ಕೊಡುವ ಹೆಸರು ಮೂಲ ‘ನಗೆಟ್ಸ್’ನಲ್ಲಿ ಇಲ್ಲದ ತಂಡದ್ದು: ವಾಷಿಂಗ್ಟನ್ ರಾಜ್ಯದ ಟಕೋಮಾದ ಸಾನಿಕ್ಸ್. ಅವರ 1965ರ ಮೊದಲ ಆಲ್ಬಮ್ ಹಾಕಿ, ಗಾಯಕ ಜೆರಿ ರೋಸ್ಲಿ ಕಿರುಚುವವರೆಗೆ ವಾಲ್ಯೂಮ್ ಕಡಿಮೆ ಮಾಡಬೇಡಿ. ಆಮೇಲಂತೂ ನೀವೇ ಏರಿಸುತ್ತೀರಿ.