ಬಿಸಿಯಾದರೆ ‘ಟಕ್’ ಎಂದು ನಿಲ್ಲುತ್ತಿದ್ದ ಮ್ಯಾಸಿ: ಸೆಲ್ಫ್ ರಿಪೇರಿಯಲ್ಲಿ ನನ್ನ ಅನುಭವ

ನಮ್ಮದು ಎಂಬತ್ತರ ದಶಕದ ಮ್ಯಾಸಿ 1035 ಟ್ರ್ಯಾಕ್ಟರ್. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್. ಪಂಪು, ನಾಝಲ್, ಕಂಪ್ರೆಷನ್ ಎಲ್ಲವೂ ಸರಿ. ಸೆಲ್ಫ್, ಅಂದರೆ ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟರು, ಒಮ್ಮೆ ತಿರುಗಿಸಿತೆಂದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಆದರೆ ಸೆಲ್ಫ್ ತಿರುಗಿಸಬೇಕಲ್ಲ! ಬೆಳಿಗ್ಗೆ ಮನೆಯ ಮುಂದೆ ತಕರಾರಿಲ್ಲ. ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಒಂದೆರಡು ಗಂಟೆ ಕೆಸರು ಹೊಡೆದು ಊಟಕ್ಕೆ ನಿಲ್ಲಿಸಿದರೆ, ಮತ್ತೆ ಕೀ ತಿರುಗಿಸಿದಾಗ ಒಂದು ‘ಟಕ್’ ಸದ್ದು, ಅಷ್ಟೇ. ಕೆಲವೊಮ್ಮೆ ಅದೂ ಇಲ್ಲ. ಸಂಜೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು.

ಸೆಲ್ಫ್ ಇಲ್ಲದೆ ಉರುಳಿಸಿ ಎಬ್ಬಿಸೋಣವೆಂದರೆ ಭದ್ರಾ ನಾಲೆಯ ಗದ್ದೆಬಯಲಿನಲ್ಲಿ ಇಳಿಜಾರನ್ನು ಎಲ್ಲಿಂದ ತರುವುದು? ಕೆಸರಿನಲ್ಲಿ ಕೇಜ್ ವೀಲ್ ಹಾಕಿದ ಗಾಡಿಯನ್ನು ಹತ್ತು ಜನ ತಳ್ಳಿದರೂ ಅಲುಗದು. ಹಾಗಾಗಿ ಊಟದ ಹೊತ್ತಿನಲ್ಲೂ ಎಂಜಿನ್ ಓಡುತ್ತಲೇ ಇರಬೇಕಾಗಿತ್ತು. ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್. ನಾಟಿಯ ಹಂಗಾಮು ಮುಗಿಯುವಷ್ಟರಲ್ಲಿ ಬರೀ ನಿಂತು ಸುಟ್ಟದ್ದೇ ಮೂರು ಸಾವಿರಕ್ಕೆ ಕಡಿಮೆ ಇಲ್ಲ.

ಪೇಟೆಯಲ್ಲಿ ತೋರಿಸಿದೆ. ಮೊದಲಿನವರು ಬ್ಯಾಟರಿ ಹೋಗಿದೆ ಎಂದರು. ಹೊಸದಕ್ಕೆ ಆರೂವರೆ ಸಾವಿರ. ಎರಡು ವಾರ ಪರವಾಗಿಲ್ಲ ಎನ್ನಿಸಿ ಮತ್ತೆ ಅದೇ ‘ಟಕ್’. ಎರಡನೆಯವರು ಸೆಲ್ಫ್ ಬಿಚ್ಚಿ ಬುಷ್, ಕಾರ್ಬನ್, ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟು ಸೇರಿಸುವ ಸ್ವಿಚ್ಚು) ಎಲ್ಲವನ್ನೂ ಬದಲಿಸಿದರು. ಹತ್ತಿರ ಹತ್ತಿರ ಮೂರು ಸಾವಿರ. ಗುಣ ಕಾಣಲಿಲ್ಲ. ಕೊನೆಗೆ ಇಡೀ ಸೆಲ್ಫನ್ನೇ ಬದಲಿಸೋಣ ಎಂದು ಲೋಕಲ್ ಮಾಲು ಕೂರಿಸಿದರು, ಮತ್ತೆ ನಾಲ್ಕೂವರೆ. ಅದೂ ಬಿಸಿಗೆ ನಿಂತಿತು. “ಗೌಡರೇ, ಹಳೆಯ ಗಾಡಿ, ಸೆಲ್ಫಿನ ಆಸೆ ಬಿಡಿ. ಇಲ್ಲವಾದರೆ ಮಾರಿಬಿಡಿ” ಎಂದು ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದರು. ವೈರಿನಲ್ಲೇ ದೋಷವಿದೆ, ವೋಲ್ಟೇಜ್ ಅಳೆಯುವ ಮೀಟರ್ ಹಿಡಿದು ನೋಡುತ್ತೇನೆ ಎಂದು ನಾನು ಹೇಳಿದಾಗ ಅಲ್ಲಿದ್ದವರೆಲ್ಲ ನಕ್ಕರು. ಮೀಟರ್ ಮನೆಯ ವೈರಿಂಗ್ ಮಾಡುವವರಿಗೆ, ಟ್ರ್ಯಾಕ್ಟರಿಗಲ್ಲ ಎಂಬುದು ಅವರ ಮಾತು.

ನನ್ನದು ನಾಲ್ಕು ನೂರು ರೂಪಾಯಿಯ ಸಾದಾ ಡಿಜಿಟಲ್ ಮೀಟರ್. ಗಾಡಿ ಬಿಸಿಯಿರುವಾಗಲೇ, ಎಂಜಿನ್ ಹಿಡಿಯದಂತೆ ಸ್ಟಾಪ್ ನಾಬ್ ಎಳೆದಿಟ್ಟು, ಮಗನಿಗೆ ಕೀ ಹಿಡಿದುಕೊಳ್ಳಲು ಹೇಳಿ, ಸೆಲ್ಫ್ ಹೇಗೋ ಒದ್ದಾಡಿ ತಿರುಗುತ್ತಿದ್ದ ಆ ನಾಲ್ಕೈದು ಸೆಕೆಂಡುಗಳಲ್ಲಿ ಓದಿದೆ. ಸುಮ್ಮನಿದ್ದಾಗ ಬ್ಯಾಟರಿ 12.5 ವೋಲ್ಟು. ತಿರುಗುವಾಗ ಬ್ಯಾಟರಿಯ ಸೀಸದ ಪೋಸ್ಟುಗಳ ಮೇಲೆ 10.6ರ ಆಸುಪಾಸು. ಅಂದರೆ ಬ್ಯಾಟರಿಯದು ತಪ್ಪಿಲ್ಲ. ಅದೇ ಹೊತ್ತಿಗೆ ಸೆಲ್ಫಿನ ದಪ್ಪ ಬೋಲ್ಟು ಮತ್ತು ಸೆಲ್ಫಿನ ಮೈ ನಡುವೆ 8.2! ಎರಡೂಕಾಲು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಪಾಸಿಟಿವ್ ಕಡೆ, ಪೋಸ್ಟಿನಿಂದ ಸೆಲ್ಫಿನ ಬೋಲ್ಟಿಗೆ 0.9. ನೆಗೆಟಿವ್ ಕಡೆ, ಪೋಸ್ಟಿನಿಂದ ಸೆಲ್ಫಿನ ಮೈಗೆ ಒಂದೂವರೆ. ನನ್ನ ಲೆಕ್ಕದಲ್ಲಿ ಪಾಸಿಟಿವ್ ಕಡೆ ಅರ್ಧ ವೋಲ್ಟು, ಅರ್ತ್ (ನೆಗೆಟಿವ್) ಕಡೆ ಕಾಲು ವೋಲ್ಟು ದಾಟಿದರೆ ಅಲ್ಲಿ ಕೈ ಹಾಕಲೇಬೇಕು. ಪೋಸ್ಟಿನ ಮೇಲೆಯೇ ಮೀಟರ್ ವೈರಿನ ಮೊನೆ ಒತ್ತಬೇಕು, ಅದಕ್ಕೆ ಕೇಬಲ್ ಬಿಗಿಯುವ ಕ್ಲಾಂಪಿನ ಮೇಲೆ ಅಲ್ಲ. ಕ್ಲಾಂಪಿನ ಮೇಲಿಟ್ಟರೆ ಕ್ಲಾಂಪಿನ ಕಳ್ಳತನ ಲೆಕ್ಕಕ್ಕೇ ಬರುವುದಿಲ್ಲ.

ಬ್ಯಾಟರಿಯ ನೆಗೆಟಿವನ್ನು ಗಾಡಿಯ ಮೈಗೆ ಸೇರಿಸುವ ಅರ್ತ್ ಪಟ್ಟಿಯನ್ನು ಬಿಚ್ಚಿದಾಗ ಎಲ್ಲವೂ ಕಂಡಿತು. ಕೆಲವು ವರ್ಷಗಳ ಹಿಂದೆ ಗಾಡಿಗೆ ಪೇಂಟ್ ಮಾಡಿಸಿದ್ದೆವು. ಪೇಂಟ್ ಮಾಡಿದವರು ರೆಡ್ ಆಕ್ಸೈಡ್ ಮೇಲೆ ಕೆಂಪು ಬಳಿದು, ಅದರ ಮೇಲೆಯೇ ಪಟ್ಟಿಯ ಲಗ್ (ತುದಿಯ ಲೋಹದ ಬಳೆ) ಕೂರಿಸಿ ಬೋಲ್ಟ್ ಬಿಗಿದಿದ್ದರು. ಇಷ್ಟು ದಿನವೂ ಕರೆಂಟು ಹರಿದದ್ದು ಬೋಲ್ಟಿನ ತಿರುಪಿನ ಮೂಲಕ ಮಾತ್ರ. ಲಗ್ಗಿನ ಅಡಿಯಲ್ಲಿ ಬಣ್ಣ ಹಾಗೇ ಹೊಳೆಯುತ್ತಿತ್ತು, ಸುತ್ತ ತುಕ್ಕಿನ ಉಂಗುರ. ಸೆಲ್ಫ್ ಕೂರುವ ಫ್ಲ್ಯಾಂಜಿನ ಮೇಲೂ ಅದೇ ಬಣ್ಣ. ಎರಡೂ ಕಡೆ ಬ್ಲೇಡಿನಿಂದ ಕೆರೆದು, ಎಮೆರಿ ಹಾಕಿ ಬಿಳಿ ಲೋಹ ಕಾಣುವವರೆಗೆ ಉಜ್ಜಿದೆ. ಪಾಸಿಟಿವ್ ಕೇಬಲಿನ ತುದಿ ಸೀಳಿದರೆ ತಾಮ್ರದ ಎಳೆಗಳು ಗೇಣುದ್ದ ಒಳಗಿನವರೆಗೂ ಕಪ್ಪಾಗಿದ್ದವು. ಹೊರಗಿನ ರಬ್ಬರ್ ಮಾತ್ರ ಹೊಸದರಂತೆ ಇತ್ತು.

ರೆಡಿಮೇಡ್ ಬ್ಯಾಟರಿ ಕೇಬಲ್‌ಗಳನ್ನು ನಾನು ನಂಬುವುದಿಲ್ಲ. ಮೇಲೆ ದಪ್ಪ, ಒಳಗೆ ತಾಮ್ರ ಕಡಿಮೆ. 50 ಚದರ ಮಿ.ಮೀ. ವೆಲ್ಡಿಂಗ್ ಕೇಬಲ್ ತಂದೆ. ಅದರಲ್ಲೂ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಮಾರುತ್ತಾರೆ, ಒಂದು ಎಳೆಯನ್ನು ಕೆರೆದು ನೋಡಿಯೇ ಕೊಳ್ಳಬೇಕು. ನೆಗೆಟಿವ್ ಕೇಬಲನ್ನು ಗಾಡಿಯ ಮೈಗೆ ಕೊಡದೆ ನೇರವಾಗಿ ಸೆಲ್ಫ್ ಬಿಗಿಯುವ ಬೋಲ್ಟಿಗೇ ಒಯ್ದೆ, ಗಾಡಿಯ ಮೈಗೆ ಬೇರೆ ಪಟ್ಟಿ ಕೊಟ್ಟೆ. ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿದೆ. ಒತ್ತುವ ಮೊದಲು ಒಳಗೆ ನಾನು ಒಂದು ವಸ್ತು ತುಂಬುತ್ತೇನೆ, ಗದ್ದೆಯ ನೀರು ಎಳೆಗಳಿಗೆ ಏರದಂತೆ. ಅದು ಏನೆಂದು ಸದ್ಯಕ್ಕೆ ನನ್ನಲ್ಲೇ ಇರಲಿ. ಇನ್ನೊಂದು ಮಳೆಗಾಲ ಕಳೆಯಲಿ.

ಇಷ್ಟಾದ ಮೇಲೆ ಸೆಲ್ಫ್ ರಭಸದಿಂದ ತಿರುಗತೊಡಗಿತು. ಆದರೂ ನಡುಮಧ್ಯಾಹ್ನ ಆಗೊಮ್ಮೆ ಈಗೊಮ್ಮೆ ಮೌನ. ಒಮ್ಮೆ ಹಾಗಾದಾಗ ಹಸಿ ಗೋಣಿಚೀಲವನ್ನು ಸೊಲೆನಾಯ್ಡಿನ ಮೇಲೆ ಹೊದಿಸಿ ಬೀಡಿ ಸೇದುವಷ್ಟು ಹೊತ್ತು ಕಾದೆ. ಕೀ ತಿರುಗಿಸಿದರೆ ತಟ್ಟನೆ ಎದ್ದಿತು! ತಾಮ್ರದ ಸುರುಳಿ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಹೆಚ್ಚುತ್ತದೆ: 30 ಡಿಗ್ರಿಯಿಂದ 90ಕ್ಕೆ ಏರಿದರೆ ಸುಮಾರು ಕಾಲು ಭಾಗ. ಎಂಜಿನ್ ಪಕ್ಕದಲ್ಲೇ ಬೇಯುವ ಸೊಲೆನಾಯ್ಡಿಗೆ ಸಣ್ಣ ವೈರಿನಲ್ಲಿ ಬರುತ್ತಿದ್ದುದು ಏಳೂವರೆ ವೋಲ್ಟು ಮಾತ್ರ. ಉಳಿದದ್ದನ್ನು ಕೀ ಸ್ವಿಚ್ಚು, ಹೈ-ಲೋ ಗೇರ್ ಲಿವರಿನ ಸೇಫ್ಟಿ ಸ್ವಿಚ್ಚು (ಗಾಡಿ ಗೇರಿನಲ್ಲಿದ್ದರೆ ಸೆಲ್ಫ್ ತಿರುಗದಂತೆ ತಡೆಯುವುದು), ಹಳೆಯ ವೈರು ಹಂಚಿಕೊಂಡು ತಿನ್ನುತ್ತಿದ್ದವು.

ಇದಕ್ಕೆ ರಿಲೇ ಹಾಕಿದೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಕೀ ಕಡೆಯ ವೈರು ರಿಲೇಯನ್ನು ಎತ್ತಿದರೆ ಸಾಕು. ಸೊಲೆನಾಯ್ಡಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ ಬರುತ್ತದೆ. ಅಂಗಡಿಯವರು ಹಾರ್ನಿಗೆ ಹಾಕುವ 30 ಆಂಪಿನ ರಿಲೇ ಕೊಡುತ್ತಾರೆ, ಬೇಡ. ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ಕೀ ಬಿಟ್ಟರೂ ಸೆಲ್ಫ್ ತಿರುಗುತ್ತಲೇ ಇರುತ್ತದೆ. ನಾನು ಹಾಕಿದ್ದು 70 ಆಂಪಿನದು. ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿನಲ್ಲಿ ಈಗ ಹತ್ತು ವೋಲ್ಟಿಗೆ ಇಳಿಯುವುದಿಲ್ಲ.

ಸೇಫ್ಟಿ ಸ್ವಿಚ್ಚನ್ನು ಮಾತ್ರ ಎಲ್ಲೂ ಬೈಪಾಸ್ ಮಾಡಲಿಲ್ಲ, ಕೀ ವೈರಿನಲ್ಲಿಯೇ ಉಳಿಸಿದೆ. ನಮ್ಮ ಕಡೆ ಅರ್ಧಕ್ಕರ್ಧ ಗಾಡಿಗಳಲ್ಲಿ ಅದು ಕಿತ್ತುಹೋಗಿದೆ. ನೆಲದ ಮೇಲೆ ಚಕ್ರದ ಮುಂದೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫನ್ನು ಶಾರ್ಟ್ ಮಾಡುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಗೇರಿನಲ್ಲಿದ್ದರೆ ಡೀಸೆಲ್ ಎಂಜಿನ್ ಅಲ್ಲೇ ಹಿಡಿದು ಮೈಮೇಲೆ ಹತ್ತುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಒಟ್ಟು ಖರ್ಚು: ಕೇಬಲ್ ಸಾವಿರದ ಎಂಟುನೂರು, ಲಗ್ಗು, ಕ್ಲಾಂಪು, ರಿಲೇ, ಕ್ರಿಂಪಿಂಗ್ ಸೇರಿ ಇನ್ನೊಂದು ಐದಾರು ನೂರು. ಅದಕ್ಕೂ ಮೊದಲು ಕೈಬಿಟ್ಟು ಹೋದದ್ದು ಹದಿನಾಲ್ಕು ಸಾವಿರ. ಈಗ ಅರ್ತ್ ಕಡೆ 0.2ರ ಒಳಗೆ, ಪಾಸಿಟಿವ್ ಕಡೆ 0.3 ತೋರಿಸುತ್ತದೆ. ಎರಡು ಹಂಗಾಮು ಕಳೆದಿವೆ, ಊಟಕ್ಕೆ ಎಂಜಿನ್ ಆರಿಸಿಯೇ ಕೂರುತ್ತೇವೆ. ಅಂದು ನಕ್ಕವರಲ್ಲಿ ಇಬ್ಬರು ತಮ್ಮ ಗಾಡಿಗಳನ್ನು ನನ್ನ ಮನೆ ಮುಂದೆ ತಂದು ನಿಲ್ಲಿಸಿದ್ದಾರೆ.

ಅದರಲ್ಲಿ ಒಂದು ಎಚ್‌ಎಂಟಿ 2511. ಅದರ ಕಥೆಯೇ ಬೇರೆ: ಎರಡೂ ಕೇಬಲ್‌ಗಳಲ್ಲಿ ನಷ್ಟವೇ ಇಲ್ಲ, ಆದರೆ ತಿರುಗಿಸಿದ ಕೂಡಲೇ ಒಳ್ಳೆಯ ಬ್ಯಾಟರಿಯೇ 9ರ ಕೆಳಗೆ ಕುಸಿಯುತ್ತಿತ್ತು. ಹಾಗಿದ್ದರೆ ಸೆಲ್ಫೇ ಕರೆಂಟು ನುಂಗುತ್ತಿದೆ ಎಂದು ಬಿಚ್ಚಿಸಿದೆ. ಬುಷ್ ಸವೆದು ಆರ್ಮೇಚರ್ (ಸೆಲ್ಫಿನೊಳಗೆ ತಿರುಗುವ ಭಾಗ) ಒಳಗೋಡೆಗೆ ಉಜ್ಜಿ ಒಂದು ಬದಿ ಕನ್ನಡಿಯಂತೆ ನುಣುಪಾಗಿತ್ತು. ಎರಡು ಬುಷ್ ಹಾಕಿಸಿ ಕೂರಿಸಲು ಎಂಟು ನೂರು ತೆಗೆದುಕೊಂಡರು, ಆ ಗಾಡಿಗೆ ಕೇಬಲ್ ಮುಟ್ಟಲಿಲ್ಲ.